ಆರಿಸಿದರೂ ಉರಿಯುತ್ತಿರುವ ಡೀಬಗ್ ಲಾಗ್

ಓದುಗರ ಪ್ರಶ್ನೆ: ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಸಣ್ಣ ಜಾಲತಾಣವೊಂದನ್ನು ನಾಲ್ಕು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಶೇರ್ಡ್ ಹೋಸ್ಟಿಂಗ್‌ನಲ್ಲಿದೆ. ನಾನು ಪ್ರೋಗ್ರಾಮರ್ ಅಲ್ಲ. ಎರಡು ತಿಂಗಳ ಹಿಂದೆ ಪ್ಲಗಿನ್ (ತಾಣಕ್ಕೆ ಹೆಚ್ಚಿನ ಸೌಲಭ್ಯ ಕೊಡುವ ತಂತ್ರಾಂಶದ ತುಣುಕು) ಒಂದನ್ನು ಅಪ್‌ಡೇಟ್ ಮಾಡಿದ ಕೂಡಲೇ ತಾಣ ನಿಂತುಹೋಯಿತು. ಹೋಸ್ಟಿಂಗ್‌ನವರ ಮಾತಿನಂತೆ ತಾಣದ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ನಲ್ಲಿ ತಪ್ಪು ಹುಡುಕಲು ನೆರವಾಗುವ ಡೀಬಗ್, ತಪ್ಪುಗಳನ್ನು ಫೈಲ್‌ಗೆ ಬರೆದಿಡುವ ಡೀಬಗ್ ಲಾಗ್ ಎರಡನ್ನೂ ಆನ್ ಮಾಡಿದೆ. ತಪ್ಪು ಸಿಕ್ಕಿತು, ಆ ಪ್ಲಗಿನ್ ತೆಗೆದೆ, ತಾಣ ಎದ್ದು ನಿಂತಿತು. ಆದರೆ ಪ್ರತಿ ಪುಟದ ನೆತ್ತಿಯ ಮೇಲೆ ‘ವಾರ್ನಿಂಗ್’, ‘ಡೆಪ್ರಿಕೇಟೆಡ್’ ಎಂಬ ಸಾಲುಗಳು ಬಂದವರಿಗೆಲ್ಲ ಕಾಣುತ್ತಿದ್ದವು. ಹೋಸ್ಟಿಂಗ್‌ನವರು ಕಳುಹಿಸಿದ ಇನ್ನೊಂದು ಸಾಲನ್ನು ಅಂಟಿಸಿದ ಮೇಲೆ ಪುಟ ಸ್ವಚ್ಛವಾಯಿತು. ಮೂರು ವಾರ ಬಿಟ್ಟು ನೋಡಿದರೆ ಲಾಗ್ ಫೈಲ್ 900 ಎಂಬಿ ಆಗಿತ್ತು. ಮೊದಲಿನ ಎರಡು ಸಾಲುಗಳನ್ನು ನಾನೇ ‘ಫಾಲ್ಸ್’ ಎಂದು ತಿದ್ದಿದೆ. ಲಾಗ್ ಬೆಳೆಯುವುದು ನಿಂತಿತು. ಅಂದಿನಿಂದ ಮೂಲ ಫೋಲ್ಡರ್‌ನಲ್ಲಿ ‘ಫಾಲ್ಸ್’ ಎಂಬ ಹೆಸರಿನದೇ ಒಂದು ಫೈಲ್ ಕಾಣಿಸಿಕೊಳ್ಳುತ್ತಿದೆ. ಅಳಿಸಿದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಹುಟ್ಟುತ್ತದೆ. ತಾಣ ಹ್ಯಾಕ್ ಆಗಿದೆಯೇ? 900 ಎಂಬಿಯ ಹಳೆಯ ಫೈಲನ್ನು ಅಳಿಸಬಹುದೇ? ಜನ ನೋಡುವ ತಾಣದಲ್ಲಿ ಡೀಬಗ್ ಅನ್ನು ಮುಟ್ಟಲೇಬಾರದು ಎಂದು ಒಬ್ಬ ಸ್ನೇಹಿತರು ಹೇಳುತ್ತಾರೆ, ಪರದೆಯ ಮೇಲೆ ಕಾಣದಿದ್ದರೆ ಸದಾ ಆನ್ ಇದ್ದರೂ ತೊಂದರೆಯಿಲ್ಲ ಎಂದು ಇನ್ನೊಬ್ಬರು. ಯಾರ ಮಾತು ನಂಬಲಿ? ಆ ಸಾಲುಗಳ ಚಿತ್ರವನ್ನೂ ಲಗತ್ತಿಸಿದ್ದೇನೆ.

ಉತ್ತರ: ಹ್ಯಾಕ್ ಆಗಿದೆ ಎನ್ನಲು ನಿಮ್ಮ ಪತ್ರದಲ್ಲಿ ಒಂದು ಸುಳಿವೂ ಇಲ್ಲ. ಆ ವಿಚಿತ್ರ ಫೈಲನ್ನು ಹುಟ್ಟಿಸುತ್ತಿರುವುದು ನೀವೇ, ನಿಮಗೆ ಗೊತ್ತಿಲ್ಲದಂತೆ. ಚಿತ್ರ ಕಳುಹಿಸಿದ್ದು ಒಳ್ಳೆಯದಾಯಿತು. ಕಾರಣ ಅದರಲ್ಲೇ ಇದೆ. ಎರಡೂ ಸಾಲುಗಳಲ್ಲಿ ಫಾಲ್ಸ್ ಎಂಬ ಪದವನ್ನು ನೀವು ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿದ್ದೀರಿ.

ವರ್ಡ್‌ಪ್ರೆಸ್ ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. ಅಲ್ಲಿ ಚಿಹ್ನೆಯಿಲ್ಲದ ಫಾಲ್ಸ್ ಎಂದರೆ ‘ಇಲ್ಲ’. ಅದೇ ಪದ ಉದ್ಧರಣ ಚಿಹ್ನೆಯೊಳಗೆ ಹೊಕ್ಕರೆ ಬರೀ ಐದು ಅಕ್ಷರಗಳ ಒಂದು ಪಠ್ಯ, ಅಷ್ಟೇ. ಪಠ್ಯದ ವಿಷಯದಲ್ಲಿ ಪಿಎಚ್‌ಪಿಯ ಲೆಕ್ಕ ಸರಳವಾದದ್ದು: ಏನೂ ಇಲ್ಲದ ಖಾಲಿ ಪಠ್ಯ ಮತ್ತು ಒಂಟಿ ಸೊನ್ನೆ, ಇವೆರಡನ್ನು ಬಿಟ್ಟರೆ ಉಳಿದದ್ದೆಲ್ಲ ‘ಹೌದು’. ಹಾಗಾಗಿ ‘ಇಲ್ಲ’ ಎಂದು ನೀವು ಬರೆದದ್ದು ಅದಕ್ಕೆ ‘ಹೌದು’ ಎಂದು ಕೇಳಿಸಿದೆ. ಮುಖ್ಯ ಡೀಬಗ್ ಸ್ವಿಚ್ ಇವತ್ತಿಗೂ ಆನ್ ಆಗಿಯೇ ಇದೆ.

ಎರಡನೆಯ ಸಾಲಿನ ಕಥೆ ಇನ್ನೂ ಸೊಗಸು. ವರ್ಡ್‌ಪ್ರೆಸ್‌ನ 5.1 ಆವೃತ್ತಿಯಿಂದ ಈಚೆಗೆ ಡೀಬಗ್ ಲಾಗ್ ಸಾಲಿನಲ್ಲಿ ಟ್ರೂ, ಫಾಲ್ಸ್ ಮಾತ್ರವಲ್ಲ, ಲಾಗ್ ಎಲ್ಲಿಗೆ ಹೋಗಬೇಕು ಎಂಬ ಫೈಲ್ ವಿಳಾಸವನ್ನೂ ಕೊಡಬಹುದು. ಉದ್ಧರಣ ಚಿಹ್ನೆಯೊಳಗೆ ಟ್ರೂ ಎಂಬ ಪದ ಅಥವಾ 1 ಎಂಬ ಅಂಕಿ ಇದ್ದರೆ ಅದು ಮಾಮೂಲಿ ಜಾಗಕ್ಕೆ ಬರೆಯುತ್ತದೆ, ಬೇರೆ ಯಾವ ಪಠ್ಯ ಕಂಡರೂ ಅದನ್ನೇ ಫೈಲ್‌ನ ಹೆಸರು ಎಂದುಕೊಳ್ಳುತ್ತದೆ. ನೀವು ಫಾಲ್ಸ್ ಎಂಬ ಹೆಸರು ಕೊಟ್ಟಿರಿ, ಅದು ಫಾಲ್ಸ್ ಎಂಬ ಫೈಲ್ ತೆರೆದು ನಿಷ್ಠೆಯಿಂದ ಬರೆಯತೊಡಗಿತು. ಅಳಿಸಿದರೆ ಮುಂದಿನ ತಪ್ಪು ಬಂದೊಡನೆ ಇನ್ನೊಂದನ್ನು ತೆರೆಯುತ್ತದೆ. ಆಡಳಿತ ಪುಟಗಳ ಫೋಲ್ಡರನ್ನೂ ಒಮ್ಮೆ ತೆರೆದು ನೋಡಿ. ಅಲ್ಲೂ ಅದರ ಅವಳಿ ಇರುವ ಸಂಭವ ಹೆಚ್ಚು, ಏಕೆಂದರೆ ಪೂರ್ಣ ವಿಳಾಸವಿಲ್ಲದ ಫೈಲ್ ಸಾಮಾನ್ಯವಾಗಿ ಆ ಹೊತ್ತಿಗೆ ಓಡುತ್ತಿರುವ ಕಡತ ಇರುವ ಫೋಲ್ಡರ್‌ನಲ್ಲೇ ಹುಟ್ಟುತ್ತದೆ.

ಇದು ನಿಮ್ಮೊಬ್ಬರ ತಪ್ಪಲ್ಲ. ಟರ್ಮಿನಲ್‌ನಲ್ಲಿ ಕೂತು ಆಜ್ಞೆ ಕೊಡುವ ಅನುಭವಿಗಳೂ ಬೀಳುವ ಗುಂಡಿ. ಡಬ್ಲ್ಯೂಪಿ ಸಿಎಲ್‌ಐ ಎಂಬ ಸಲಕರಣೆಯಲ್ಲಿ ‘ರಾ’ ಎಂಬ ಆಯ್ಕೆಯನ್ನು ಸೇರಿಸಲು ಮರೆತರೆ ಅದೂ ಇದೇ ರೀತಿ ಚಿಹ್ನೆ ಹಾಕಿಯೇ ಬರೆದಿಡುತ್ತದೆ. ನೆನಪಿಡಬೇಕಾದದ್ದು ಇಷ್ಟು: ಸಾಲಿನ ಎಡಗಡೆಯ ಸ್ವಿಚ್ ಹೆಸರಿಗೆ ಉದ್ಧರಣ ಚಿಹ್ನೆ ಇರಲೇಬೇಕು, ಬಲಗಡೆಯ ಟ್ರೂ ಅಥವಾ ಫಾಲ್ಸ್‌ಗೆ ಇರಕೂಡದು. ಆ ಸಾಲುಗಳನ್ನು ಮಿಂಚಂಚೆಯಿಂದಲೋ ಮೊಬೈಲ್ ಸಂದೇಶದಿಂದಲೋ ನಕಲು ಮಾಡುವಾಗ ಇನ್ನೊಂದು ಎಚ್ಚರಿಕೆ ಬೇಕು. ಅವು ನೇರ ಚಿಹ್ನೆಯನ್ನು ಅಂದದ ಬಾಗಿದ ಚಿಹ್ನೆಯಾಗಿ ಬದಲಿಸುತ್ತವೆ. ಬಾಗಿದ ಚಿಹ್ನೆಯನ್ನು ಪಿಎಚ್‌ಪಿ ಒಪ್ಪುವುದಿಲ್ಲ, ಇಡೀ ತಾಣ ಮತ್ತೆ ಮಲಗುತ್ತದೆ. ಹಾಗೆಯೇ, ‘ಇಲ್ಲಿಂದ ಮುಂದೆ ತಿದ್ದಬೇಡಿ’ ಎಂಬ ಅರ್ಥದ ಇಂಗ್ಲಿಷ್ ಟಿಪ್ಪಣಿಯೊಂದು ಆ ಫೈಲ್‌ನ ಕೊನೆಯ ಭಾಗದಲ್ಲಿದೆಯಲ್ಲ, ನಿಮ್ಮ ಸಾಲುಗಳು ಅದಕ್ಕಿಂತ ಮೇಲಿರಬೇಕು. ಕೆಳಗೆ ಬರೆದರೆ ಅಷ್ಟರಲ್ಲಿ ವರ್ಡ್‌ಪ್ರೆಸ್ ಎದ್ದು ಕೆಲಸ ಶುರು ಮಾಡಿಯಾಗಿರುತ್ತದೆ. ಒಂದೇ ಸ್ವಿಚ್ ಎರಡು ಕಡೆ ಬರೆದಿದ್ದರೆ ಮೊದಲನೆಯದಷ್ಟೇ ನಡೆಯುತ್ತದೆ, ಎರಡನೆಯದು ಬರೀ ತಕರಾರು ಹುಟ್ಟಿಸುತ್ತದೆ.

ಈಗ ನಿಮ್ಮ ಸ್ನೇಹಿತರ ಜಗಳಕ್ಕೆ ಬರೋಣ. ಇಬ್ಬರೂ ‘ಡೀಬಗ್’ ಎಂಬ ಒಂದೇ ಗುಂಡಿಯ ಬಗ್ಗೆ ಮಾತನಾಡುತ್ತಿದ್ದಾರೆ. ಇರುವುದು ಮೂರು. ಎಷ್ಟು ಸಣ್ಣ ದೂರನ್ನು ಕಿವಿಗೆ ಹಾಕಿಕೊಳ್ಳಬೇಕು ಎಂಬುದು ಮೊದಲನೆಯದರ ಕೆಲಸ. ಕೇಳಿದ್ದನ್ನು ಪುಟದ ಮೇಲೆ ತೋರಿಸಬೇಕೇ ಎಂಬುದು ಎರಡನೆಯದು, ಫೈಲ್‌ಗೆ ಬರೆಯಬೇಕೇ ಎಂಬುದು ಮೂರನೆಯದು. ಮೊದಲನೆಯದು ಆನ್ ಆಗದೆ ಉಳಿದ ಎರಡು ಕೆಲಸ ಮಾಡುವುದಿಲ್ಲ. ಎಡವಟ್ಟು ಎಲ್ಲಿದೆಯೆಂದರೆ, ಎರಡನೆಯದು, ಅಂದರೆ ತೋರಿಸುವ ಸ್ವಿಚ್, ನೀವು ಬೇಡವೆನ್ನದಿದ್ದರೆ ತಾನಾಗಿಯೇ ಆನ್ ಇರುತ್ತದೆ. ‘ಡೀಬಗ್ ಆನ್ ಮಾಡಿ’ ಎಂದು ಅರ್ಧ ಸಲಹೆ ಕೊಟ್ಟು ಫೋನ್ ಇಡುವ ಸಹಾಯವಾಣಿಯವರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ತೋರಿಸುವುದನ್ನು ಮೊದಲು ಆಫ್ ಮಾಡಿ, ಆಮೇಲೆ ಮುಖ್ಯ ಸ್ವಿಚ್ ಒತ್ತಿ ಎಂದು ಹೇಳಲು ಅರ್ಧ ನಿಮಿಷ ಸಾಕು.

ಪುಟದ ಮೇಲೆ ಕಂಡ ಸಾಲುಗಳಿಂದ ಏನು ಹಾನಿ? ಸರ್ವರ್‌ನ ಒಳಗಿನ ಫೋಲ್ಡರ್ ವಿಳಾಸ, ಅದರೊಳಗೆ ಹಲವು ಬಾರಿ ನಿಮ್ಮ ಹೋಸ್ಟಿಂಗ್ ಖಾತೆಯ ಹೆಸರು, ಯಾವ ಪ್ಲಗಿನ್ ಬಳಸುತ್ತೀರಿ ಎಂಬ ವಿವರ ಹೊರಗೆ ಬೀಳುತ್ತವೆ. ಕಳ್ಳನಿಗೆ ಮನೆಯ ನಕ್ಷೆ ಸಿಕ್ಕಂತೆ, ಕೀಲಿಕೈ ಸಿಕ್ಕಂತಲ್ಲ. ಇನ್ನೊಂದು ಹಾನಿ ಕೆಲಸಕ್ಕೆ ಸಂಬಂಧಿಸಿದ್ದು. ಸರ್ವರ್ ಬ್ರೌಸರ್‌ಗೆ ಪುಟ ಕಳುಹಿಸುವ ಮೊದಲು ಹೆಡರ್ ಎಂಬ ಸೂಚನೆಗಳನ್ನು ಕಳುಹಿಸಬೇಕು: ಕುಕೀ ಇಟ್ಟುಕೋ, ಆ ಪುಟಕ್ಕೆ ಹೋಗು, ಹೀಗೆ. ಅದಕ್ಕೂ ಮೊದಲೇ ಎಚ್ಚರಿಕೆಯ ಸಾಲು ಮುದ್ರಣವಾಗಿಬಿಟ್ಟರೆ ಹೆಡರ್‌ಗೆ ದಾರಿ ಮುಚ್ಚುತ್ತದೆ. ಲಾಗಿನ್ ಆಗುವುದಿಲ್ಲ, ಪುಟ ಮುಂದಕ್ಕೆ ಹೋಗುವುದಿಲ್ಲ. ‘ಡೀಬಗ್ ಆನ್ ಮಾಡಿದ್ದಕ್ಕೇ ತಾಣ ಕೆಟ್ಟಿತು’ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿ. ಕೆಡಿಸಿದ್ದು ತೋರಿಸುವ ಸ್ವಿಚ್, ಕೆಟ್ಟ ಹೆಸರು ಮಾತ್ರ ಮೂರಕ್ಕೂ ಬಂತು.

ಆ ಸಾಲುಗಳನ್ನು ಓದಿ ತಾಣ ಕುಸಿಯುತ್ತಿದೆ ಎಂದು ಹೆದರುವುದೂ ಬೇಡ. ‘ಡೆಪ್ರಿಕೇಟೆಡ್’ ಎಂದರೆ ‘ಈ ಪದ್ಧತಿ ಇಂದು ನಡೆಯುತ್ತದೆ, ಮುಂದೊಂದು ದಿನ ನಡೆಯುವುದಿಲ್ಲ’ ಎಂದು ಪ್ಲಗಿನ್ ಬರೆದವರಿಗೆ ಕೊಟ್ಟ ಮುನ್ಸೂಚನೆ. ಪಿಎಚ್‌ಪಿ 8.1 ಮತ್ತು 8.2 ಆವೃತ್ತಿಗಳು ಇಂತಹ ಹಲವು ಹೊಸ ಸೂಚನೆಗಳನ್ನು ತಂದವು. 2024ರ ನವೆಂಬರಿನಲ್ಲಿ ಬಂದ ವರ್ಡ್‌ಪ್ರೆಸ್ 6.7 ಅನುವಾದದ ಕಡತಗಳನ್ನು ಅವಧಿಗೆ ಮುನ್ನ ತೆರೆಯುವ ಪ್ಲಗಿನ್‌ಗಳ ಮೇಲೆ ದೂರು ಬರೆಯತೊಡಗಿತು. ಆರೋಗ್ಯವಾಗಿದ್ದ ತಾಣಗಳ ಲಾಗ್‌ಗಳೂ ಆಗ ರಾತ್ರೋರಾತ್ರಿ ಉಬ್ಬಿದವು. ನಿಮ್ಮ 900 ಎಂಬಿಯ ಗುಟ್ಟೂ ಬಹುಶಃ ಇದೇ. ಲೆಕ್ಕ ಹಾಕಿ ನೋಡಿ: ಒಂದು ಸಾಲು ಸುಮಾರು 250 ಬೈಟ್, ಒಮ್ಮೆ ಪುಟ ತೆರೆದರೆ 40 ಸಾಲು ಎಂದಿಟ್ಟುಕೊಂಡರೆ ಒಂದು ಭೇಟಿಗೆ 10 ಕೆಬಿ ಆಯಿತು. ಹುಡುಕುಯಂತ್ರಗಳ ಬಾಟ್‌ಗಳು, ನಿಗದಿತ ವೇಳೆಗೆ ತಾನಾಗಿ ನಡೆಯುವ, ತಾಣದ ಒಳಗಿನ ಕ್ರಾನ್ ಕೆಲಸಗಳು ಎಲ್ಲ ಸೇರಿ ದಿನಕ್ಕೆ 5,000 ವಿನಂತಿಗಳು ಬಂದರೆ 50 ಎಂಬಿ. ಹದಿನೆಂಟು ದಿನಕ್ಕೆ 900. ಇಷ್ಟರಲ್ಲಿ ನಿಮಗೆ ಬೇಕಾಗಿದ್ದದ್ದು ತಾಣ ನಿಂತ ದಿನದ ಒಂದೇ ಸಾಲು.

‘ಕಾಣದಿದ್ದರೆ ತೊಂದರೆಯಿಲ್ಲ’ ಎಂಬ ಎರಡನೆಯ ಸ್ನೇಹಿತರ ಮಾತನ್ನು ನಾನು ಒಪ್ಪುವುದಿಲ್ಲ. ಮಾಮೂಲಿ ವ್ಯವಸ್ಥೆಯಲ್ಲಿ ಡೀಬಗ್ ಲಾಗ್ ಫೈಲ್ ಇರುವುದು ತಾಣದ ಕಂಟೆಂಟ್ ಫೋಲ್ಡರ್‌ನಲ್ಲಿ, ಅಂದರೆ ನಿಮ್ಮ ಚಿತ್ರಗಳು, ಥೀಮ್‌ಗಳು ಇರುವಲ್ಲೇ. ಚಿತ್ರಕ್ಕೆ ವೆಬ್ ವಿಳಾಸವಿದ್ದಂತೆ ಅದಕ್ಕೂ ವಿಳಾಸವಿದೆ, ಹೆಸರು ಜಗತ್ತಿಗೆಲ್ಲ ಗೊತ್ತು. ಸರ್ವರ್‌ನಲ್ಲಿ ಯಾರೂ ತಡೆ ಹಾಕಿಲ್ಲದಿದ್ದರೆ ಲಾಗಿನ್ ಇಲ್ಲದೆಯೇ ಅದನ್ನು ಇಳಿಸಿಕೊಳ್ಳಬಹುದು. ಇಂತಹ ಹೆಸರುಗಳನ್ನು ಒಂದೊಂದಾಗಿ ತಟ್ಟಿ ನೋಡುವುದೇ ಉದ್ಯೋಗವಾಗಿರುವ ಬಾಟ್‌ಗಳಿವೆ. ಯಾವ ತಾಣದ ಪ್ರವೇಶ ದಾಖಲೆ (ಯಾರು ಯಾವ ಫೈಲ್ ಕೇಳಿದರು ಎಂಬ ಪಟ್ಟಿ) ತೆರೆದರೂ ಅವುಗಳ ಹೆಜ್ಜೆ ಕಾಣುತ್ತದೆ. ನಿಮ್ಮ ‘ಫಾಲ್ಸ್’ ಫೈಲೂ ಬಹುತೇಕ ಹೀಗೆಯೇ ಬಯಲಲ್ಲಿದೆ. ಆ ಹೆಸರನ್ನು ಯಾವ ಬಾಟ್ ಊಹಿಸೀತು ಎನ್ನುವುದು ಬೇರೆ ಮಾತು.

ಲಾಗ್‌ನೊಳಗೆ ಏನಿರುತ್ತದೆ ಎಂಬುದು ಪ್ಲಗಿನ್ ಬರೆದವರ ಶಿಸ್ತಿನ ಮೇಲೆ ನಿಂತಿದೆ. ನಾನು ತೆರೆದು ನೋಡಿದ ಲಾಗ್‌ಗಳಲ್ಲಿ ಗ್ರಾಹಕರ ಮಿಂಚಂಚೆ ವಿಳಾಸ, ಡೇಟಾಬೇಸ್ ಪ್ರಶ್ನೆಗಳ ತುಣುಕು, ಪಾವತಿ ಸೇವೆಯ ಗುಪ್ತ ಕೀ, ಎಲ್ಲವೂ ಸಿಕ್ಕಿವೆ. ಪಿಎಚ್‌ಪಿ ಒಂದು ದೊಡ್ಡ ತಪ್ಪಿನ ಜಾಡು ಬರೆಯುವಾಗ, ಸರ್ವರ್‌ನಲ್ಲಿ ಬೇಡವೆಂದು ಹೇಳಿಲ್ಲದಿದ್ದರೆ, ಆ ಹೊತ್ತಿಗೆ ಕೈಯಲ್ಲಿದ್ದ ಮೌಲ್ಯಗಳನ್ನೂ ಸೇರಿಸಿ ಬರೆಯುತ್ತದೆ. ಆ ಮೌಲ್ಯ ಪಾಸ್‌ವರ್ಡೇ ಆಗಿದ್ದರೆ ಅದೂ ಲಾಗ್‌ಗೆ ಬಂತು. ಇದು ಬರೀ ಊಹೆಯಲ್ಲ. 2024ರ ಸೆಪ್ಟೆಂಬರಿನಲ್ಲಿ ಲೈಟ್‌ಸ್ಪೀಡ್ ಕ್ಯಾಶ್ ಎಂಬ, 50 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಪ್ಲಗಿನ್‌ನ ದೋಷವೊಂದು ಬೆಳಕಿಗೆ ಬಂತು. ಅದರ ಡೀಬಗ್ ಸೌಲಭ್ಯ ಲಾಗಿನ್ ಕುಕೀಗಳನ್ನೂ, ಅಂದರೆ ಲಾಗಿನ್ ಆದವರ ಗುರುತಿನ ಚೀಟಿಗಳನ್ನೂ, ಲಾಗ್‌ಗೆ ಬರೆಯುತ್ತಿತ್ತು. ಆ ಫೈಲ್ ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ಆಡಳಿತಗಾರರ ಖಾತೆಯೊಳಗೆ ಹೋಗಬಹುದಿತ್ತು. ಡೀಬಗ್ ಅನ್ನು ಎಂದೋ ಆಫ್ ಮಾಡಿ ಫೈಲನ್ನು ಅಲ್ಲಿಯೇ ಬಿಟ್ಟವರೂ ಅಪಾಯದಲ್ಲಿದ್ದರು ಎಂಬುದನ್ನು ಗಮನಿಸಿ. ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ: 2018ರಲ್ಲಿ ಟ್ವಿಟ್ಟರ್ ತನ್ನ ಬಳಕೆದಾರರೆಲ್ಲರಿಗೂ ಪಾಸ್‌ವರ್ಡ್ ಬದಲಿಸಲು ಹೇಳಬೇಕಾಯಿತು, ಒಳಗಿನ ಲಾಗ್ ಒಂದರಲ್ಲಿ ಅವು ಮುಸುಕಿಲ್ಲದೆ ದಾಖಲಾಗಿದ್ದವು.

ಡಿಸ್ಕ್ ತುಂಬುವುದನ್ನು ಜನ ಸಣ್ಣ ವಿಷಯ ಎಂದುಕೊಳ್ಳುತ್ತಾರೆ. ಆನ್‌ಲೈನ್ ಅಂಗಡಿಯೊಂದರ ಕರೆ ನನಗೆ ಬಂದದ್ದು ಒಂದು ಭಾನುವಾರ ರಾತ್ರಿ. ಯಾರೋ ಎಂಟು ತಿಂಗಳ ಹಿಂದೆ ಆನ್ ಮಾಡಿ ಮರೆತ ಡೀಬಗ್ ಲಾಗ್ ಖಾತೆಯ ಜಾಗವನ್ನೆಲ್ಲ ನುಂಗಿತ್ತು. ಡೇಟಾಬೇಸ್‌ಗೆ ಹೊಸ ಸಾಲು ಬರೆಯಲು ಒಂದಿಷ್ಟೂ ಎಡೆಯಿರಲಿಲ್ಲ. ಪಾವತಿ ಬೇರೆಯವರ ಸರ್ವರ್‌ನಲ್ಲಿ ನಡೆಯುತ್ತಿದ್ದುದರಿಂದ ಗ್ರಾಹಕರ ಹಣ ಕಡಿತವಾಗುತ್ತಿತ್ತು, ಅಂಗಡಿಯಲ್ಲಿ ಆರ್ಡರ್ ಮಾತ್ರ ಇರುತ್ತಿರಲಿಲ್ಲ. ದೂರು ಏಕೆ ಬರಲಿಲ್ಲ ಎಂದು ಮಾಲೀಕರು ಆಶ್ಚರ್ಯಪಟ್ಟರು. ಅಂಚೆಪೆಟ್ಟಿಗೆಯೂ ಅದೇ ಖಾತೆಯ ಪಾಲಿನಲ್ಲಿತ್ತು. ಎರಡು ದಿನಗಳಿಂದ ಬಂದ ಮಿಂಚಂಚೆಗಳೆಲ್ಲ ವಾಪಸಾಗುತ್ತಿದ್ದವು.

ಹಾಗೆಂದು ಮೊದಲ ಸ್ನೇಹಿತರ ‘ಮುಟ್ಟಲೇಬಾರದು’ ಎಂಬ ನಿಯಮವೂ ನಡೆಯುವಂಥದ್ದಲ್ಲ. ಕೆಲವು ತಪ್ಪುಗಳು ಜನ ಬಂದು ಹೋಗುವ ತಾಣದಲ್ಲಿ ಮಾತ್ರ ತಲೆ ಎತ್ತುತ್ತವೆ. ಅವುಗಳಿಗೆ ಅಲ್ಲಿಯೇ ಬಲೆ ಹಾಕಬೇಕು. ಆದರೆ ಡೀಬಗ್ ಮುಟ್ಟುವ ಮೊದಲು ನೋಡಬೇಕಾದ ಎರಡು ಜಾಗಗಳಿವೆ. ಒಂದು ನಿಮ್ಮ ಅಂಚೆಪೆಟ್ಟಿಗೆ: 2019ರ 5.2 ಆವೃತ್ತಿಯಿಂದ ತಾಣ ಕುಸಿದರೆ ವರ್ಡ್‌ಪ್ರೆಸ್ ಆಡಳಿತಗಾರರಿಗೆ ಮಿಂಚಂಚೆ ಬರೆದು, ಕೆಟ್ಟ ಪ್ಲಗಿನ್ ಯಾವುದೆಂದು ಹೇಳಿ, ಒಳಗೆ ಬರಲು ವಿಶೇಷ ಕೊಂಡಿ ಕೊಡುತ್ತದೆ. ಆ ಪತ್ರ ಅನೇಕರಿಗೆ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಇನ್ನೊಂದು ಹೋಸ್ಟಿಂಗ್ ಪ್ಯಾನೆಲ್‌ನ ಎರರ್ ಲಾಗ್. ಡೀಬಗ್ ಆಫ್ ಇದ್ದರೂ ಮಾರಕ ತಪ್ಪುಗಳು ಬಹುತೇಕ ಹೋಸ್ಟಿಂಗ್‌ಗಳಲ್ಲಿ ಅಲ್ಲಿ ದಾಖಲಾಗುತ್ತವೆ. ನಿಮ್ಮ ಪ್ಲಗಿನ್ ಪ್ರಸಂಗ ಈ ಎರಡರಲ್ಲೇ ಮುಗಿಯಬಹುದಿತ್ತು.

ಅಲ್ಲಿ ಸಿಗದಿದ್ದರೆ ತಾಣದ ನಕಲು ಮಾಡಿ ಅದರಲ್ಲಿ ಹುಡುಕುವುದು ಎಲ್ಲರೂ ಹೇಳುವ ಸಲಹೆ. ಸರಿಯಾದ ಸಲಹೆಯೇ. ಆದರೆ ನಕಲಿನಲ್ಲಿರುವುದು ನಿಜವಾದ ಗ್ರಾಹಕರ ಮಾಹಿತಿ. ಅದಕ್ಕೆ ಪಾಸ್‌ವರ್ಡ್ ಹಾಕದೆ ಬಿಟ್ಟರೆ, ಅದು ನಿಜವಾದ ಜನರಿಗೆ ಮಿಂಚಂಚೆ ಕಳುಹಿಸತೊಡಗಿದರೆ, ಇದ್ದ ಒಂದು ತಲೆನೋವಿಗೆ ಇನ್ನೊಂದು ಸೇರುತ್ತದೆ. ನಿಮ್ಮ ಐಪಿ ವಿಳಾಸದಿಂದ ಬಂದಾಗ ಮಾತ್ರ ಡೀಬಗ್ ಆನ್ ಆಗುವಂತೆ ಷರತ್ತು ಬರೆಯುವವರಿದ್ದಾರೆ. ಜಾಣತನವೇನೋ ಹೌದು. ಆದರೆ ಕ್ರಾನ್ ಕೆಲಸವಾಗಲಿ ಹಣ ಬಂತೆಂದು ಪಾವತಿ ಸೇವೆ ತಾಣಕ್ಕೆ ತಿಳಿಸುವ ಮರುಕರೆಯಾಗಲಿ ನಿಮ್ಮ ಐಪಿಯಿಂದ ಬರುವುದಿಲ್ಲ, ಆ ತಪ್ಪುಗಳು ಬಲೆಗೆ ಬೀಳುವುದೇ ಇಲ್ಲ.

ನಿಮ್ಮಂಥವರಿಗೆ ನಾನು ಹೇಳುವುದು ಅವಧಿ ಕಟ್ಟಿ ಆನ್ ಮಾಡುವ ದಾರಿ. ತೋರಿಸುವ ಸ್ವಿಚ್ ಫಾಲ್ಸ್. ಲಾಗ್ ಸಾಲಿನಲ್ಲಿ ಟ್ರೂ ಬದಲು ವೆಬ್‌ಗೆ ತೆರೆದ ಮೂಲ ಫೋಲ್ಡರ್‌ನ ಹೊರಗಿನ, ಒಂದು ಮೆಟ್ಟಿಲು ಮೇಲಿನ ಫೋಲ್ಡರ್‌ನ ಪೂರ್ಣ ವಿಳಾಸ. ವಿಳಾಸವಾದ್ದರಿಂದ ಇಲ್ಲಿ ಮಾತ್ರ ಬಲಗಡೆಗೂ ಉದ್ಧರಣ ಚಿಹ್ನೆ ಬೇಕು. ಆ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು. ಪಿಎಚ್‌ಪಿ ಫೈಲ್ ಸೃಷ್ಟಿಸುತ್ತದೆಯೇ ಹೊರತು ಫೋಲ್ಡರ್ ಸೃಷ್ಟಿಸುವುದಿಲ್ಲ. ಕೊನೆಗೆ ಮುಖ್ಯ ಸ್ವಿಚ್ ಟ್ರೂ. ಅದೇ ಕೈಯಲ್ಲಿ ಮೊಬೈಲ್‌ನಲ್ಲಿ ಎರಡು ಗಂಟೆಗೆ ಅಲಾರಂ ಇಡಿ. ತಪ್ಪನ್ನು ಮರುಕಳಿಸಿ, ಲಾಗ್‌ನ ತಳದಿಂದ ಮೇಲಕ್ಕೆ ಓದಿ, ‘ಫೇಟಲ್’ ಎಂಬ ಪದ ಹುಡುಕಿ. ಗಡಿಯಾರದ ಸಮಯ ಹೊಂದದಿದ್ದರೆ ಬೆಚ್ಚಬೇಡಿ, ಈ ಲಾಗ್ ನಮ್ಮ ಸಮಯದಲ್ಲಲ್ಲ, ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆಯುತ್ತದೆ. ಸದಾ ಆನ್ ಇಡುವುದು ಲಾಗನ್ನು ದಿನವೂ ಓದುವವರು, ಹಳೆಯದನ್ನು ತಾನಾಗಿ ಕತ್ತರಿಸುವ ವ್ಯವಸ್ಥೆ, ಎರಡೂ ಇರುವ ಕಡೆಗೆ ಸರಿ. ನಿಮ್ಮಲ್ಲಿ ಎರಡೂ ಇಲ್ಲ.

ಇವತ್ತು ಮಾಡಬೇಕಾದ ಕೆಲಸ: ಎರಡೂ ಸಾಲುಗಳಲ್ಲಿ ಫಾಲ್ಸ್ ಸುತ್ತಲಿನ ಚಿಹ್ನೆ ತೆಗೆದು ಉಳಿಸಿ. ಹಳೆಯ ಫೈಲನ್ನು ಅಳಿಸುವ ಮೊದಲು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಅದರ ವಿಳಾಸ ಹಾಕಿ ನೋಡಿ. ತೆರೆಯಲಿಲ್ಲವಾದರೆ ಒಳ್ಳೆಯದು. ತೆರೆದರೆ, ಪ್ಯಾನೆಲ್‌ನ ಪ್ರವೇಶ ದಾಖಲೆಯಲ್ಲಿ ಆ ಫೈಲ್‌ನ ಹೆಸರು ಹುಡುಕಿ ಪಕ್ಕದ ಸಂಖ್ಯೆ ಗಮನಿಸಿ. 403 ಅಥವಾ 404 ಎಂದರೆ ಬಂದವನು ಬರಿಗೈಯಲ್ಲಿ ಹೋಗಿದ್ದಾನೆ. 200 ಎಂದಿದ್ದು, ಅದು ನೀವಲ್ಲದಿದ್ದರೆ, ಫೈಲ್ ಹೊರಗೆ ಹೋಗಿದೆ ಎಂದೇ ತಿಳಿಯಿರಿ: ಆಡಳಿತಗಾರರ ಪಾಸ್‌ವರ್ಡ್, ಡೇಟಾಬೇಸ್ ಪಾಸ್‌ವರ್ಡ್, ಹೊರಗಿನ ಸೇವೆಗಳ ಕೀಗಳು, ಕಾನ್ಫಿಗ್ ಫೈಲ್‌ನ ಸಾಲ್ಟ್ ಸಾಲುಗಳು (ಲಾಗಿನ್ ಕುಕೀಗಳನ್ನು ಭದ್ರಪಡಿಸುವ ಗುಪ್ತ ಅಕ್ಷರಮಾಲೆಗಳು) ಎಲ್ಲವನ್ನೂ ಬದಲಿಸಿ. ಸಾಲ್ಟ್ ಬದಲಿಸಿದರೆ ಲಾಗಿನ್ ಆಗಿರುವವರೆಲ್ಲ ಹೊರಬೀಳುತ್ತಾರೆ, ಕದ್ದ ಕುಕೀ ಹಿಡಿದವನೂ ಸೇರಿ.

ಅಳಿಸುವುದರಿಂದ ತಾಣಕ್ಕೆ ಏನೂ ಆಗುವುದಿಲ್ಲ. ಅಷ್ಟು ದೊಡ್ಡ ಫೈಲನ್ನು ಪ್ಯಾನೆಲ್‌ನ ಎಡಿಟರ್‌ನಲ್ಲಿ ತೆರೆಯಲು ಹೋಗಬೇಡಿ, ಬ್ರೌಸರ್ ಹೆಪ್ಪುಗಟ್ಟುತ್ತದೆ. ಸಿಪ್ಯಾನೆಲ್‌ನಂಥ ಕಡೆ ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಜಾಗ ಹಿಡಿದುಕೊಂಡೇ ಕೂರುತ್ತದೆ, ಬುಟ್ಟಿಯನ್ನೂ ಖಾಲಿ ಮಾಡಿ. ತಾಣದ ಪುಟ ಕ್ಯಾಶ್ ಅನ್ನೂ ಒಮ್ಮೆ ತೊಳೆಯಿರಿ. ಎಚ್ಚರಿಕೆಯ ಸಾಲುಗಳು ಕಾಣುತ್ತಿದ್ದ ದಿನಗಳಲ್ಲಿ ಸಂಗ್ರಹವಾದ ಪುಟ ಎಲ್ಲಾದರೂ ಉಳಿದಿದ್ದರೆ ಬಂದವರಿಗೆ ಅವು ಇನ್ನೂ ಕಾಣುತ್ತಿರುತ್ತವೆ.

ಐದು ನಿಮಿಷ ಕಾದು ಮತ್ತೆ ನೋಡಿ. ಕೆಲವು ಸರ್ವರ್‌ಗಳು ಬದಲಾವಣೆಯನ್ನು ಅಷ್ಟು ತಡವಾಗಿ ಗಮನಿಸುತ್ತವೆ. ಆಮೇಲೂ ‘ಫಾಲ್ಸ್’ ಹುಟ್ಟಿದರೆ ಕಾನ್ಫಿಗ್ ಫೈಲ್‌ನಲ್ಲಿ ಅದೇ ಸ್ವಿಚ್‌ನ ಇನ್ನೊಂದು ಸಾಲು ಮೇಲೆಲ್ಲೋ ಅಡಗಿದೆ ಎಂದರ್ಥ. ಹುಡುಕಿ ಸಿಗದಿದ್ದರೆ ಮತ್ತೆ ಬರೆಯಿರಿ, ಚಿತ್ರವನ್ನೂ ಕಳುಹಿಸಿ. ಆದರೆ ಈ ಸಲ ಕತ್ತರಿಸಿ ಕಳುಹಿಸಿ. ನೀವು ಲಗತ್ತಿಸಿದ ಚಿತ್ರದ ಮೇಲ್ತುದಿಯಲ್ಲಿ ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಪೂರ್ತಿ ಕಾಣುತ್ತಿತ್ತು. ನನ್ನ ಕಡೆಯ ಪ್ರತಿಯನ್ನು ಅಳಿಸಿದ್ದೇನೆ. ಲಾಗ್ ಹೊರಗೆ ಹೋಗಿರಲಿ, ಬಿಡಲಿ, ಆ ಪಾಸ್‌ವರ್ಡ್ ಒಂದನ್ನಂತೂ ಇವತ್ತೇ ಬದಲಿಸಿಬಿಡಿ.